ಮಧ್ಯಾಹ್ನದವರು

ದೋಸೆಯ ಕಾವಲಿ ಆರಲು ಹೊತ್ತು ಬೇಕು. ಗ್ಯಾಸ್ ಬಂದ್ ಮಾಡಿದ ಮೇಲೂ ಅದು ತನ್ನಷ್ಟಕ್ಕೆ ಕಾದೇ ಇರುತ್ತದೆ. ಗ್ರಾಂಟ್ ರೋಡಿನ ನಮ್ಮ ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದು ಸಂಜೆಯ ಚಾ-ತಿಂಡಿಯವರು ಬರುವ ತನಕ ಒಂದು ಬಿಡುವು ಉಂಟು. ಕೆಲಸದವರು ಮಾಳಿಗೆ ಹತ್ತಿ ಚಾಪೆ ಹಾಕಿಕೊಳ್ಳುತ್ತಾರೆ. ಗಲ್ಲಾದಲ್ಲಿ ಕೂರುವವನು ಕುರ್ಚಿಯಲ್ಲೇ ತೂಕಡಿಸುತ್ತಾನೆ. ನಾನು ಮಲಗುವುದಿಲ್ಲ. ಹಗಲು ಮಲಗಿ ಎದ್ದವನ ಕೈ ಸಂಜೆ ಭಾರವಾಗುತ್ತದೆ, ದೋಸೆ ದಪ್ಪ ಬೀಳುತ್ತದೆ. ಕೈ ತೊಳೆಯುವ ಬೇಸಿನ್ನಿನ ಪಕ್ಕ ಒಂದು ಟೇಬಲ್ ಇದೆ. ಗಿರಾಕಿಗಳು ಬೇರೆ ಕಡೆ ಜಾಗ ಇಲ್ಲದಿದ್ದರೆ ಮಾತ್ರ ಅಲ್ಲಿ ಕೂರುತ್ತಾರೆ. ಆ ಬಿಡುವಿನಲ್ಲಿ ಅದು ನನ್ನದು. ನೀರಿನ ಜಗ್ಗಿಗೆ ಮೊಬೈಲು ಒರಗಿಸಿ, ಕನ್ನಡಕ ಹಾಕಿ ಕೂತರೆ ನನಗೆ ಲೋಕ ಬೇಡ.

ಗಲ್ಲಾದವನು ಒಂದು ಕಣ್ಣು ತೆರೆದು ಕೇಳುತ್ತಿದ್ದ.

"ಎಂತ ಮಾರಾಯ, ಮೊಬೈಲಲ್ಲಿ ಹೆಣ್ಣು ನೋಡುದಾ? ಈ ಪ್ರಾಯದಲ್ಲಿ?"

"ಹೌದು. ಜಾತಕ ತಾಳೆ ಹಾಕ್ತಾ ಇದ್ದೇನೆ."

"ಸಿಕ್ಕಿದ್ರೆ ಹೇಳು. ಊಟದ ಕಾಂಟ್ರಾಕ್ಟು ನಮಗೇ."

ಅವನಿಗೆ ಹೇಳಿದರೆ ಅರ್ಥವಾಗುವ ವಿಷಯವಲ್ಲ ಎಂದು ಹೇಳಲಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಜಾಗ ಇದೆ. ಹಳೆಯ ಕನ್ನಡ ಪುಸ್ತಕಗಳ ಫೋಟೊ ತೆಗೆದು ಅಲ್ಲಿ ಹಾಕುತ್ತಾರೆ. ಯಂತ್ರ ಆ ಫೋಟೊ ನೋಡಿ ಅಕ್ಷರ ಮಾಡುತ್ತದೆ. ಯಂತ್ರಕ್ಕೆ ಕನ್ನಡ ಬಾರದು. ಮಸುಕಾದ ಕಡೆ ಬಾಯಿಗೆ ಬಂದದ್ದು ಹೇಳುವ ವಿದ್ಯಾರ್ಥಿಯ ಹಾಗೆ ಏನೋ ಒಂದು ಬರೆದಿಡುತ್ತದೆ. ಅದನ್ನು ಪುಟ ಪುಟವಾಗಿ ನಾವು ತಿದ್ದಬೇಕು. ನಾವು ಎಂದರೆ ಹತ್ತು ಹನ್ನೆರಡು ಜನ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಸಂಬಳವಿಲ್ಲ, ಹಾಜರಿ ಇಲ್ಲ. ಮೊದಲು ತಿದ್ದಿದವರನ್ನು ಅಲ್ಲಿ ಮೊದಲ ಕಣ್ಣು ಎನ್ನುತ್ತಾರೆ. ಆಮೇಲೆ ಇನ್ನೊಬ್ಬರು ನೋಡಿ ಒಪ್ಪಬೇಕು, ಅವರು ಎರಡನೇ ಕಣ್ಣು. ಎರಡು ಕಣ್ಣು ಹಾಯದೆ ಪುಟ ಪಾಸಾಗುವುದಿಲ್ಲ. ಪ್ರತಿ ಪುಟದ ಹಿಂದೆ ಯಾರು ತಿದ್ದಿದರು, ಯಾವ ಹೊತ್ತಿಗೆ ತಿದ್ದಿದರು ಎಂಬುದು ಬರೆದಿರುತ್ತದೆ. ಯಾರು ಬೇಕಾದರೂ ತೆರೆದು ನೋಡಬಹುದು. ನನ್ನ ಹೆಸರು ಅಲ್ಲಿ ಬೇರೆ ಇತ್ತು. ಅದನ್ನು ಇಲ್ಲಿ ಹೇಳುವುದಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟೆ ಎನ್ನುತ್ತೇನೆ, ಬಿಡಿಸಿದರು ಎನ್ನುವುದಿಲ್ಲ. ಉಡುಪಿಯ ಕಡೆಯಿಂದ ಬಸ್ಸಿನಲ್ಲಿ ಬಂದು ಮುಂಬಯಿಯಲ್ಲಿ ಕಪ್ಪು-ಬಸಿ ತೊಳೆದೆ, ಟೇಬಲ್ ಒರೆಸಿದೆ, ಹಿಟ್ಟು ರುಬ್ಬಿದೆ. ಕಾವಲಿಯ ಮುಂದೆ ನಿಲ್ಲುವ ಜಾಗ ಯಾರೂ ನನಗೆ ದಾನ ಮಾಡಿದ್ದಲ್ಲ. ಈ ರಸ್ತೆಯಲ್ಲಿ ನನ್ನ ಹಾಗೆ ಕೈ ತಿರುಗಿಸುವವನು ಇದ್ದರೆ ಬರಲಿ, ಪಕ್ಕದಲ್ಲಿ ನಿಂತು ಹುಯ್ಯಲಿ, ನೋಡೋಣ. ಓದುವ ಚಟ ಮಾತ್ರ ಶಾಲೆಯ ಜೊತೆ ಬಿಟ್ಟುಹೋಗಲಿಲ್ಲ. ಹೋಟೆಲಿಗೆ ಬರುವ ಕನ್ನಡ ಪೇಪರು, ಗಿರಾಕಿ ಬಿಟ್ಟುಹೋದ ವಾರಪತ್ರಿಕೆ, ಏನು ಸಿಕ್ಕಿದರೂ ಕೊನೆಯ ಸಾಲಿನ ತನಕ ಓದುತ್ತಿದ್ದೆ.

ಮುಂಬಯಿಯಲ್ಲಿ ನಮ್ಮ ಕನ್ನಡದವರು ಎದುರಾದರೆ ಮೊದಲನೆಯ ಪ್ರಶ್ನೆ ಊರು ಯಾವುದು. ಎರಡನೆಯದು ಯಾವ ಹೋಟೆಲು. ಎರಡಕ್ಕೂ ಉತ್ತರ ಸಿಕ್ಕಿದರೆ ಇವನಿಗೆ ಕುರ್ಚಿ ಕೊಡಬೇಕೋ ಬೆಂಚು ತೋರಿಸಬೇಕೋ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ. ಒಮ್ಮೆ ಒಂದು ಸಭಾಭವನದಲ್ಲಿ ಕನ್ನಡ ಪುಸ್ತಕದ ಬಿಡುಗಡೆ ಇತ್ತು. ನಾನೂ ಹೋಗಿದ್ದೆ, ಕಾವಲಿ ಹೊತ್ತುಕೊಂಡು. ಹಿಂದಿನ ಅಂಗಳದಲ್ಲಿ ದೋಸೆ ಹುಯ್ಯುತ್ತಾ ಕಿಟಕಿಯಿಂದ ಭಾಷಣ ಕೇಳಿದೆ. ಆ ಪುಸ್ತಕ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗಲೇ ನಾನು ಓದಿದ್ದೆ. ಭಾಷಣ ಮಾಡಿದವರು ಆಮೇಲೆ ತಟ್ಟೆ ಹಿಡಿದು ಬಂದು, "ಸ್ವಲ್ಪ ಗರಿಗರಿ ಇರಲಿ ಮಾರಾಯ," ಎಂದರು. ಗರಿಗರಿಯಾಗಿಯೇ ಕೊಟ್ಟೆ.

ಇಂಟರ್ನೆಟ್ಟಿನ ಆ ಜಾಗದಲ್ಲಿ ಊರು ಯಾವುದು ಎಂದು ಯಾರೂ ಕೇಳಲಿಲ್ಲ. ಕೇಳಿದ್ದು ಒಂದೇ, ಪುಟ ಆಯಿತೇ ಎಂದು.

ನಾನು ಯಾವಾಗಲೂ ಮಧ್ಯಾಹ್ನ ಬರುವುದನ್ನು ಕಂಡು ಅಲ್ಲಿ ನನಗೆ ಮಧ್ಯಾಹ್ನದವರು ಎಂದು ಅಡ್ಡಹೆಸರು ಬಿತ್ತು. ಬೆಂಗಳೂರಿನ ಕಡೆಯ ಮಾತಿನ ಒಬ್ಬ ಹೆಂಗಸು ಇದ್ದರು. ತಮಾಷೆಯವರು.

"ಮಧ್ಯಾಹ್ನದವರು ಬಂದ್ರು, ಇನ್ನು ನಮಗೆ ಕೆಲಸ ಉಳಿಯಲ್ಲ," ಎಂದು ಬರೆಯುತ್ತಿದ್ದರು. "ಏನ್ ಸಾರ್, ರಿಟೈರ್ಡ್ ಮೇಷ್ಟ್ರಿಗೆ ಊಟದ ಮೇಲೆ ನಿದ್ದೆ ಬರಲ್ವಾ?"

"ಬರುವುದಿಲ್ಲ," ಎಂದು ಬರೆದೆ. ಅದು ನಿಜವೇ ಆಗಿತ್ತು. ನಿವೃತ್ತ ಮೇಷ್ಟರು ಎಂದು ನಾನು ಹೇಳಿರಲಿಲ್ಲ. ಅವರೇ ಮಾಡಿಕೊಂಡದ್ದು.

ನನ್ನ ಪುಟಗಳಿಗೆ ಎರಡನೇ ಕಣ್ಣು ಹೆಚ್ಚಾಗಿ ಒಬ್ಬರೇ. ಅವರ ಮಾತಿನ ಧಾಟಿ ನೋಡಿ ಧಾರವಾಡದ ಕಡೆಯವರಿರಬೇಕು ಎಂದು ನಾನು ಎಣಿಸಿದ್ದೆ. ನಮ್ಮ ಹೋಟೆಲಿಗೆ ಬರುವ ಒಂದಿಬ್ಬರು ಧಾರವಾಡದ ಗಿರಾಕಿಗಳು ಹಾಗೇ ಮಾತಾಡುವುದು. ಅಷ್ಟು ಬಿಟ್ಟರೆ ಅವರ ಬಗ್ಗೆ ನನಗೆ ಒಂದಕ್ಷರ ಗೊತ್ತಿಲ್ಲ. ಮನಸ್ಸಿನಲ್ಲಿ ಅವರನ್ನು ಧಾರವಾಡದವರು ಎಂದೇ ಕರೆಯುತ್ತಿದ್ದೆ. ಬಯ್ಯುವುದರಲ್ಲಿ ಅವರ ಸಮ ಇಲ್ಲ. ನನಗೊಂದು ಕೆಟ್ಟ ಅಭ್ಯಾಸ: ಪುಸ್ತಕ ಬರೆದವರೇ ಎಲ್ಲಾದರೂ ತಪ್ಪಿದ್ದಾರೆ ಎಂದು ಕಂಡರೆ ಕೈ ಸುಮ್ಮನಿರುವುದಿಲ್ಲ, ತಿದ್ದಿಬಿಡುತ್ತೇನೆ. ಅಲ್ಲಿನ ನಿಯಮ ಅದಲ್ಲ. ಅಚ್ಚಿನಲ್ಲಿ ಇದ್ದ ಹಾಗೇ ಇರಬೇಕು.

"ಏನ್ರಿ, ಕಣ್ಣು ಎಲ್ಲಿಟ್ಟಿದ್ರಿ? ಪುಸ್ತಕದಾಗ ಇದ್ದಂಗ ಇಡ್ರಿ ಅಂದ್ರ ನೀವು ಬರದವರಿಗೇ ಪಾಠ ಹೇಳಾಕ ಹೊಂಟೀರಲ್ಲ."

"ಅವರು ಬರೆದದ್ದು ತಪ್ಪು. ನಾನು ಸರಿ ಮಾಡಿದೆ."

"ತಪ್ಪಿದ್ರ ತಪ್ಪ ಇರ್ಲಿ. ಸತ್ತವರ ತಪ್ಪು ತಿದ್ದಾಕ ನಾವ್ಯಾರು?"

"ಕಂಡೂ ಕಾಣದ ಹಾಗೆ ಇರುವುದು ನನಗೆ ಬರುವುದಿಲ್ಲ."

"ಬರೂದಿಲ್ಲಂದ್ರ ಕಲೀರಿ. ಪುಟ ವಾಪಸ್ ಕಳಿಸೇನಿ. ನಾಳಿ ಮಧ್ಯಾಹ್ನ ಮಾಡಿಕೊಡ್ರಿ."

ಈ ಜಗಳ ವರ್ಷಗಟ್ಟಲೆ ನಡೆಯಿತು. ನಾನು ಇರುವುದು ಬೈಕುಲ್ಲಾದ ಒಂದು ಚಾಳಿನಲ್ಲಿ. ಆ ಕೋಣೆಯಲ್ಲಿ ಮೊದಲು ಊರಿನವರೇ ಆರು ಜನ ಕಾಲು ಚಾಚಲು ಜಾಗವಿಲ್ಲದೆ ಮಲಗುತ್ತಿದ್ದೆವು. ಒಬ್ಬ ಸ್ವಂತ ಹೋಟೆಲು ಮಾಡಿದ, ಒಬ್ಬ ಊರಿಗೆ ಹೋದ, ಒಬ್ಬನ ಹೆಂಡತಿ ಬಂದಳು. ನನಗೂ ಮದುವೆಯ ಮಾತು ಬಂದಿತ್ತು, ಹೋಯಿತು. ಈಗ ಕೋಣೆ ಪೂರ್ತಿ ನನ್ನದು, ಹೇಗೆ ಬೇಕಾದರೂ ಕಾಲು ಚಾಚಬಹುದು. ಪಕ್ಕದ ಮನೆಯವರು ಮರಾಠಿ, ಒಳ್ಳೆಯವರು, ಹಬ್ಬಕ್ಕೆ ತಿಂಡಿ ಕೊಡುತ್ತಾರೆ. ಹೋಟೆಲಿನಲ್ಲಿ ನಮ್ಮದು ತುಳು, ಗಿರಾಕಿಗಳಲ್ಲಿ ಹಿಂದಿ. ನಾಳೆ ಇವರಿಗೆ ಏನು ಉತ್ತರ ಕೊಡಲಿ ಎಂದು ನಾನು ಯೋಚಿಸುತ್ತಾ ಬಸ್ಸಿಗೆ ಕಾಯುತ್ತಿದ್ದುದು ಒಬ್ಬರ ಬಗ್ಗೆ ಮಾತ್ರ, ಆ ಧಾರವಾಡದವರ ಬಗ್ಗೆ.

ಹೀಗಿರುವಾಗ ಆ ಹುಡುಗಿ ಬಂದಳು. ಯಾವುದೋ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಸಂಬಳವಿಲ್ಲದೆ ಇಂಟರ್ನೆಟ್ಟಿನಲ್ಲಿ ದುಡಿಯುವವರು ಯಾರು, ಯಾಕೆ ದುಡಿಯುತ್ತಾರೆ ಎಂಬುದು ಅವಳ ವಿಷಯ. ಕದ್ದು ನೋಡಲಿಲ್ಲ. ನಾವು ಹರಟೆ ಹೊಡೆಯುವ ಪುಟಕ್ಕೇ ಬಂದು, ನಿಮ್ಮನ್ನು ನೋಡಿ ಬರೆಯುತ್ತೇನೆ, ಬೇಡದವರು ಹೇಳಿ ಎಂದು ಬರೆದಳು. ಯಾರೂ ಬೇಡ ಎನ್ನಲಿಲ್ಲ. ಪುಟಗಳ ಹಿಂದೆ ನನ್ನ ಹೆಸರು ಹೆಚ್ಚು ಕಂಡದ್ದರಿಂದ ನನಗೆ ಬೇರೆಯಾಗಿ ಬರೆದಳು. ಅವಳ ಮನೆಯೂ ಮುಂಬಯಿಯಲ್ಲೇ, ವಿಕ್ರೋಳಿಯಲ್ಲಿ. ಅಪ್ಪ ಬೆಳಗಾವಿಯ ಕಡೆಯವರು, ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ.

ಭೇಟಿಗೆ ನಮ್ಮವರ ಹೋಟೆಲು ಬೇಡ ಎಂದೆ. ಈ ಶಹರದಲ್ಲಿ ಉಡುಪಿ ಹೋಟೆಲು ಎಲ್ಲೇ ಹೊಕ್ಕರೂ ನನ್ನ ಗುರುತಿನವನೊಬ್ಬ ನೀರಿನ ಗ್ಲಾಸು ಹಿಡಿದು ಬಂದೇ ಬರುತ್ತಾನೆ. ಬೈಕುಲ್ಲಾ ಮಾರ್ಕೆಟ್ಟಿನ ಹಿಂದೆ ಒಂದು ಚಾದ ಅಂಗಡಿಯಲ್ಲಿ ಕೂತೆವು. ಚಾ ಕೆಟ್ಟದಾಗಿತ್ತು. ಹುಡುಗಿ ಎಳೆಯವಳು, ದೊಡ್ಡ ಚೀಲ, ಅದರ ಮೇಲೆ ಸಣ್ಣ ರೆಕಾರ್ಡರ್.

"ಅಂಕಲ್, ನನ್ನ ಕನ್ನಡ ಥೋಡಾ ವೀಕ್. ಮನೆಯಾಗ ಅವ್ವ ಅಪ್ಪ ಮಾತಾಡ್ತಾರ, ನಾ ಹಿಂದಿಯಾಗ ಆನ್ಸರ್ ಕೊಡ್ತೀನಿ."

"ಪರವಾಗಿಲ್ಲ. ನನ್ನ ಇಂಗ್ಲಿಷು ಇನ್ನೂ ವೀಕು."

"ನೀವು ರಿಟೈರ್ಡ್ ಟೀಚರ್ ಅಂತ ಎಲ್ಲಾರೂ ಹೇಳಿದ್ರು."

"ಅವರು ಹೇಳಿದ್ರು. ನಾನು ಹೇಳಿದ್ದೇನಾ?"

ಅವಳು ನನ್ನ ಮುಂಗೈ ನೋಡುತ್ತಿದ್ದಳು. ಕಾವಲಿಯ ಅಂಚು ತಾಗಿ ತಾಗಿ ಅಲ್ಲಿ ಚರ್ಮ ಬಿಳಿ ಗೆರೆಗಳಾಗಿದೆ.

"ಕೈಗೆ ಏನಾಯ್ತು ಅಂಕಲ್?"

"ಏನೂ ಆಗಲಿಲ್ಲ. ಕೆಲಸ. ಅದನ್ನು ಬಂದ್ ಮಾಡಿ, ಹೇಳ್ತೇನೆ."

ಅವಳು ರೆಕಾರ್ಡರ್ ಬಂದ್ ಮಾಡಿ, ಚೀಲದೊಳಗೆ ಹಾಕಿ, ಜಿಪ್ಪು ಎಳೆದಳು. ಅಷ್ಟು ಮಾಡಿದ್ದಕ್ಕೇ ನಾನು ಹೇಳಿದೆನೋ ಏನೋ. ಕಪ್ಪು ತೊಳೆದದ್ದು, ಕಾವಲಿ, ಮಧ್ಯಾಹ್ನದ ಬಿಡುವು, ಬೇಸಿನ್ನಿನ ಪಕ್ಕದ ಟೇಬಲ್, ಎಲ್ಲ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕಲಿಲ್ಲ. ಅಯ್ಯೋ ಪಾಪ ಎನ್ನಲೂ ಇಲ್ಲ. ಕೊನೆಗೆ ಕೇಳಿದಳು.

"ಸಂಬಳ ಇಲ್ಲ, ಹೆಸರಿಲ್ಲ. ಫಿರ್ ಭೀ ಯಾಕ ಮಾಡ್ತೀರಿ?"

"ದೋಸೆ ಎಷ್ಟು ಹುಯ್ದರೂ ರಾತ್ರಿಗೆ ಒಂದೂ ಉಳಿಯುವುದಿಲ್ಲ. ಉಳಿಯಬಾರದು, ಉಳಿದರೆ ನಷ್ಟ. ಪುಟ ಹಾಗಲ್ಲ, ಉಳಿಯುತ್ತದೆ."

"ಇದನ್ನ ಬರೀಲಾ? ನೀವು ಹಾಂ ಅಂದ್ರ ಮಾತ್ರ," ಎಂದಳು. "ಹೆಸರು ಹಾಕಲ್ಲ. ಆನ್‌ಲೈನ್ ಹೆಸರೂ ಇಲ್ಲ. ಹೋಟೆಲ್ ಯಾವುದು, ಏರಿಯಾ ಯಾವುದು, ಕುಛ್ ನಹೀ. ಮುಂಬೈ ಅಂತ ಕೂಡ ಇರಲ್ಲ."

ನಾನು ಹೂಂ ಎಂದೆ. ಚಾದ ದುಡ್ಡು ಕೊಡಲು ಅವಳು ಕೈ ಹಾಕಿದಾಗ ಬಿಡಲಿಲ್ಲ.

ಅವಳು ಮಾತಿಗೆ ತಪ್ಪಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಆದದ್ದನ್ನು ಕೇಳಿದವರು ಅವಳನ್ನೇ ಬಯ್ಯುತ್ತಾರೆ. ಬರೆದದ್ದನ್ನು ಕಾಲೇಜಿಗೆ ಒಪ್ಪಿಸುವ ಮೊದಲು, ಯಾರ ಬಗ್ಗೆ ಬರೆದಿದೆಯೋ ಅವರಿಗೆ ತೋರಿಸಬೇಕು, ತಪ್ಪಿದ್ದರೆ ಅವರು ಹೇಳಬೇಕು ಎಂಬುದು ಆ ವಿದ್ಯೆಯ ನೀತಿಯಂತೆ. ಒಳ್ಳೆಯ ನೀತಿಯೇ. ಅವಳು ತನ್ನ ಬರಹವನ್ನೂ ಅದರ ಕನ್ನಡ ಸಾರಾಂಶವನ್ನೂ ನಮ್ಮ ಹರಟೆಯ ಪುಟದಲ್ಲಿ ಇಟ್ಟಳು.

ನಾನು ಅದನ್ನು ಬೇಸಿನ್ನಿನ ಟೇಬಲಿನಲ್ಲೇ ಓದಿದೆ. ಒಬ್ಬ ಸ್ವಯಂಸೇವಕ, ಪಶ್ಚಿಮದ ಒಂದು ದೊಡ್ಡ ನಗರದ ಹೋಟೆಲಿನಲ್ಲಿ ಅಡುಗೆ ಕೆಲಸ, ಶಾಲೆ ಅರ್ಧಕ್ಕೆ ನಿಂತಿದೆ, ಮಧ್ಯಾಹ್ನದ ಊಟಕ್ಕೂ ಸಂಜೆಯ ತಿಂಡಿಗೂ ನಡುವಿನ ಬಿಡುವಿನಲ್ಲಿ ಪುಟ ತಿದ್ದುತ್ತಾನೆ. ಅದರ ಕೆಳಗೆ ನನ್ನ ಮಾತು, ದೋಸೆಯದು. ಮೊದಲು ಸಂತೋಷವೇ ಆಯಿತು. ನಾನು ಆಡಿದ್ದು ಅಚ್ಚಿನ ಹಾಗೆ ಕಂಡದ್ದು ಅದೇ ಮೊದಲು. ಕೆಳಗೆ ಜನ ಬರೆದದ್ದನ್ನು ಆಮೇಲೆ ನೋಡಿದೆ.

ತಮಾಷೆಯ ಹೆಂಗಸು ಬರೆದಿದ್ದರು: "ಮಧ್ಯಾಹ್ನದ ಬಿಡುವು ಅಂದ್ರೆ... ಇದು ನಮ್ಮ ಮಧ್ಯಾಹ್ನದವರಲ್ವಾ?"

ಪುಟಗಳ ಹಿಂದೆ ಹೊತ್ತು ಬರೆದಿರುತ್ತದಲ್ಲ. ಆ ಬಿಡುವಿನಲ್ಲಿ ಅಲ್ಲಿ ಕೆಲಸ ಮಾಡುವವನು ನಾನೊಬ್ಬನೇ. ಊಟ ಮುಗಿದು ಚಾ ಶುರುವಾಗುವ ನಡುವಿನ ಆ ಹೊತ್ತು ಹೋಟೆಲಿನವರದ್ದು, ಬೇರೆ ಯಾರದ್ದೂ ಅಲ್ಲ. ಹುಡುಗಿ ನನ್ನ ಹೆಸರು ಮುಚ್ಚಿದಳು, ಊರು ಮುಚ್ಚಿದಳು, ಗಡಿಯಾರ ಮುಚ್ಚಲಿಲ್ಲ.

ಯಾರೂ ಕೆಟ್ಟದ್ದು ಹೇಳಲಿಲ್ಲ. ಕೆಟ್ಟದ್ದು ಹೇಳಿದ್ದರೆ ಉತ್ತರ ಕೊಡಲು ನನಗೆ ಬರುತ್ತಿತ್ತು. ನಿಮ್ಮಂಥವರೇ ಕನ್ನಡದ ನಿಜವಾದ ಸೇವಕರು ಎಂದು ಒಬ್ಬರು. ಕಣ್ಣಲ್ಲಿ ನೀರು ಬಂತು ಸರ್ ಎಂದು ಇನ್ನೊಬ್ಬರು. ಮುಂದಿನ ಸಲ ಎಲ್ಲರೂ ಒಂದು ಕಡೆ ಸೇರುವಾಗ ನಿಮಗೆ ಶಾಲು ಹೊದಿಸಬೇಕು, ವಿಳಾಸ ಕೊಡಿ ಎಂದು ಮತ್ತೊಬ್ಬರು. ನೀವು ದೋಸೆ ಹುಯ್ಯುವುದನ್ನು ವಿಡಿಯೋ ಮಾಡಿದರೆ ಹೊಸಬರಿಗೆ ಸ್ಫೂರ್ತಿ ಎಂದೂ ಒಬ್ಬರು ಬರೆದರು. ಅದೇ ಜನ. ಹಿಂದಿನ ದಿನದ ತನಕ ಪುಟ ಆಯಿತೇ ಎಂದು ಕೇಳುತ್ತಿದ್ದವರು. ಆ ಸಭಾಭವನದ ಕಿಟಕಿಯ ಆಚೆ ನನ್ನನ್ನು ಮತ್ತೆ ಕಾವಲಿಯ ಮುಂದೆ ನಿಲ್ಲಿಸಿ ಎಲ್ಲರೂ ತಟ್ಟೆ ಹಿಡಿದು ಬಂದ ಹಾಗಾಯಿತು.

ಇರಲಿ, ಇವರೆಲ್ಲ ಹೇಳಿ ಮರೆಯುತ್ತಾರೆ ಎಂದುಕೊಂಡೆ. ನಾನು ಕಾದದ್ದು ಧಾರವಾಡದವರ ಒಂದು ಮಾತಿಗೆ. ಏನ್ರಿ ದೋಸೆ ಭಟ್ಟರ, ಕಣ್ಣು ಕಾವಲಿ ಮ್ಯಾಲೆ ಇಟ್ಟು ಪುಟ ತಿದ್ದಿರೇನು ಎಂದು ಅವರು ಕೇಳಿದ್ದರೆ ಎಲ್ಲ ಮೊದಲಿನ ಹಾಗಾಗುತ್ತಿತ್ತು. ಅವರು ಎರಡು ದಿನ ಏನೂ ಬರೆಯಲಿಲ್ಲ. ಆಮೇಲೆ ಬರೆದರು.

"ನಿಮ್ಮ ಪರಿಸ್ಥಿತಿ ಗೊತ್ತಿರಲಿಲ್ರಿ. ನಾ ಹಿಂದ ಏನರ ಅಂದಿದ್ರ ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಪರಿಸ್ಥಿತಿ. ನನ್ನದು ಏನು ಪರಿಸ್ಥಿತಿ? ಯಾರ ಮುಂದೆಯೂ ಕೈ ಒಡ್ಡದೆ ಈ ಶಹರದಲ್ಲಿ ತಲೆ ನರೆಸಿಕೊಂಡವನು ನಾನು. ಆ ಶಬ್ದ ನೋಡುತ್ತಾ ಕೂತೆ. ಸಂಜೆಯ ಮೊದಲನೆಯ ಮಸಾಲೆ ದೋಸೆಯ ಕೂಗು ಬಂದದ್ದು ಕೇಳಿಸಲಿಲ್ಲ.

"ಓ ಮದುಮಗ," ಗಲ್ಲಾದವನು ಕರೆದ. "ಗಿರಾಕಿ ಕಾಯ್ತಾ ಉಂಟು."

ಅಂದಿನಿಂದ ನನ್ನ ಪುಟಗಳು ವಾಪಸ್ ಬರುವುದು ನಿಂತಿತು. ನಾನೇನು ಒಮ್ಮೆಲೇ ಜಾಣನಾದದ್ದಲ್ಲ. ಪುಟದ ಹಿಂದೆ ನೋಡಿದರೆ ಗೊತ್ತಾಗುತ್ತಿತ್ತು, ನಾನು ಬಿಟ್ಟ ತಪ್ಪುಗಳನ್ನು ಅವರೇ ಸದ್ದಿಲ್ಲದೆ ತಿದ್ದಿ ಪಾಸು ಮಾಡುತ್ತಿದ್ದರು. ಬರೆದವರ ತಪ್ಪನ್ನು ನಾನು ಹಳೆಯ ಚಟದಲ್ಲಿ ಸರಿ ಮಾಡಿದರೆ, ಅವರು ಮತ್ತೆ ತಪ್ಪು ಮಾಡಿ ಇಟ್ಟು ಸುಮ್ಮನಾಗುತ್ತಿದ್ದರು. ಕೊನೆಗೆ ನಾನೇ ಬರೆದೆ.

"ಈ ಪುಟದಲ್ಲಿ ನನ್ನ ತಪ್ಪಿತ್ತು. ನೀವು ಹೇಳಲಿಲ್ಲ."

"ಸಣ್ಣದಿತ್ರಿ. ನಾನ ಮಾಡಿದೆ. ನೀವು ದಣದಿರ್ತೀರಿ."

ಹೋಟೆಲಿನಲ್ಲಿ ಬಯ್ಗುಳ ನಿಂತರೆ ಹೆದರಬೇಕು ಎಂದು ನನಗೆ ಕಲಿಸಿದವನು ನಾನು ಮೊದಲು ಕೆಲಸಕ್ಕೆ ನಿಂತ ಹೋಟೆಲಿನ ಅಡುಗೆಭಟ್ಟ. ಮಾಲಕ ಬಯ್ಯುವುದು ನಿಲ್ಲಿಸಿದನೆಂದರೆ ಒಂದೋ ನಿನ್ನನ್ನು ಊರಿಗೆ ಕಳಿಸಲು ನಿಶ್ಚಯ ಮಾಡಿದ್ದಾನೆ, ಇಲ್ಲವೇ ನಿನ್ನ ಕಾಯಿಲೆಯ ಸುದ್ದಿ ನಿನಗಿಂತ ಮೊದಲು ಅವನಿಗೆ ತಿಳಿದಿದೆ ಎನ್ನುತ್ತಿದ್ದ. ನನಗೆ ಕಾಯಿಲೆ ಇರಲಿಲ್ಲ. ಆದರೂ ಆ ಜಾಗದಲ್ಲಿ ನಾನು ಹಾಸಿಗೆ ಹಿಡಿದವನ ಹಾಗೆ ಆಗಿದ್ದೆ. ಎಲ್ಲರೂ ಬಂದು ನೋಡಿ, ದನಿ ತಗ್ಗಿಸಿ ಮಾತಾಡಿ ಹೋಗುತ್ತಿದ್ದರು.

ರಜೆಯ ದಿನ ಬೈಕುಲ್ಲಾದಿಂದ ಲೋಕಲ್ ಹಿಡಿದು ವಿಕ್ರೋಳಿಗೆ ಹೋದೆ. ಹುಡುಗಿಗೆ ಬರುತ್ತೇನೆ ಎಂದು ತಿಳಿಸಿದ್ದೆ. ಮನೆಗೆ ಕರೆದಳು, ಒಲ್ಲೆ ಎಂದೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. ಗಾಡಿ ಬಂದಾಗಲೆಲ್ಲ ಮಾತು ನಿಲ್ಲಿಸಬೇಕಾಗುತ್ತಿತ್ತು. ಅವಳ ಮುಖ ಸಣ್ಣದಾಗಿತ್ತು.

"ಹೆಸರು, ಏರಿಯಾ, ಹೋಟೆಲ್, ಎಲ್ಲಾ ಕಟ್ ಮಾಡಿದ್ದೆ ಅಂಕಲ್. ಕಾಲೇಜಿನ ಗೈಡ್ ಕೂಡ ಚೆಕ್ ಮಾಡಿದ್ರು. ಹೊರಗಿನವರು ಯಾರೂ ನಿಮ್ಮನ್ನ ಹುಡುಕಲಿಕ್ಕೆ ಆಗಲ್ಲ."

"ಹೊರಗಿನವರು ನನ್ನನ್ನು ಯಾಕೆ ಹುಡುಕುತ್ತಾರೆ? ಲೋಕಕ್ಕೆ ನಾನು ಯಾರು? ನೀವು ನನ್ನನ್ನು ಲೋಕದಿಂದ ಬಚ್ಚಿಟ್ಟಿರಿ. ಬಚ್ಚಿಡಬೇಕಾದದ್ದು ಆ ಹತ್ತು ಜನರಿಂದ."

ಒಂದು ಗಾಡಿ ಬಂದು ಹೋಯಿತು. ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು.

"ಅದು ನಾ ಯೋಚನೆ ಮಾಡಲಿಲ್ಲ," ಎಂದಳು. "ಸಚ್ ಮೇ ಮಾಡಲಿಲ್ಲ. ಅವರು ನಿಮ್ಮವರ ಅಂತ ತಿಳ್ಕೊಂಡೆ."

"ನಮ್ಮವರೇ. ಅದಕ್ಕೇ."

"ತೆಗೀಲಾ? ಪೂರಾ ತೆಗೆದುಬಿಡ್ತೀನಿ."

"ತೆಗೆದರೆ ನಿಮ್ಮ ಬರಹ ಏನಾಗುತ್ತದೆ?"

"ಆ ಚಾಪ್ಟರ್ ನಿಮ್ಮ ಮಾತಿನ ಮ್ಯಾಲೆನ ನಿಂತದ. ಗೈಡ್ ಬೈತಾರ." ಒಂದು ಕ್ಷಣ ನಕ್ಕಳು. "ಬೈಲಿ ಬಿಡ್ರಿ."

ನಿಮ್ಮ ಗೈಡು ಬಯ್ಯುತ್ತಾರಲ್ಲ, ನೀವು ಪುಣ್ಯ ಮಾಡಿದ್ದೀರಿ ಎಂದು ನಾಲಿಗೆಯ ತುದಿಗೆ ಬಂತು, ನುಂಗಿದೆ. ತೆಗೆಯಿರಿ ಎಂದೆ. ಅವಳು ತೆಗೆದಳು. ಹರಟೆಯ ಪುಟದಿಂದಲೂ ತೆಗೆದಳು, ಬೇರೆಯವರಿಗೆ ಅದರ ಬಗ್ಗೆ ಮಾತಾಡಬೇಡಿ ಎಂದು ಕೇಳಿಕೊಂಡಳು. ಅವರೂ ಮಾತಾಡಲಿಲ್ಲ. ಆದರೆ ಕಾವಲಿಗೆ ಹುಯ್ದ ಹಿಟ್ಟು ತಿರುಗಿ ಪಾತ್ರೆಗೆ ಬರುವುದಿಲ್ಲ. ಧಾರವಾಡದವರು ಈಗ ನನ್ನ ಪುಟ ಪಾಸು ಮಾಡಿ ಕೊನೆಗೆ "ನಮಸ್ಕಾರ" ಎಂದು ಬೇರೆ ಬರೆಯತೊಡಗಿದರು. ಮೊದಲು ಎಂದೂ ಬರೆದವರಲ್ಲ.

ಒಂದು ಪುಸ್ತಕ ಅರ್ಧ ಆಗಿತ್ತು. ಅದನ್ನು ಅಲ್ಲಿಗೇ ಬಿಟ್ಟೆ. ಯಾರಿಗೂ ಹೇಳದೆ ಬಿಟ್ಟೆ.

ಅಲ್ಲಿನ ನಿಯಮದಲ್ಲಿ ಒಂದು ಮಾತಿದೆ. ಹಳೆಯ ಹೆಸರು ಬಿಟ್ಟು ಹೊಸ ಹೆಸರಿನಲ್ಲಿ ಬರಬಹುದು, ಎರಡನ್ನೂ ಒಟ್ಟಿಗೆ ನಡೆಸಬಾರದು, ತನ್ನ ಪುಟಕ್ಕೆ ತಾನೇ ಎರಡನೇ ಕಣ್ಣಾಗಬಾರದು. ಬಾರದು ಎಂದ ಆ ಎರಡನ್ನೂ ನಾನು ಮಾಡಿಲ್ಲ. ಕೆಲವು ತಿಂಗಳು ಸುಮ್ಮನಿದ್ದು ಬೇರೆ ಹೆಸರಿನಲ್ಲಿ ಹೋದೆ. ಹೊಸಬ. ಹಳೆಯ ಹೆಸರಿನ ಹಿಂದೆ ಇದ್ದ ಪುಟಗಳು, ಇಷ್ಟು ವರ್ಷದ ಪುಟಗಳು, ಆ ಹಳಬನ ಜೊತೆಗೇ ಉಳಿದವು. ಉಳಿಯುತ್ತವೆ ಎಂದು ನಾನೇ ಹೇಳಿದ್ದೆನಲ್ಲ. ಉಳಿದಿವೆ, ನನ್ನವು ಎಂದು ಹೇಳುವ ಹಾಗಿಲ್ಲ ಅಷ್ಟೇ.

ಆ ಮಧ್ಯಾಹ್ನದ ಹೊತ್ತನ್ನೂ ಬಿಟ್ಟೆ. ಈಗ ಯಾವ ಹೊತ್ತಿನಲ್ಲಿ ತಿದ್ದುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ. ಇಷ್ಟು ಹೊತ್ತು ಬರೆದದ್ದರಲ್ಲೂ ಒಂದೆರಡು ಸಂಗತಿ ಬೇಕೆಂದೇ ಬದಲಿಸಿದ್ದೇನೆ. ಯಾವುದು ಎಂದು ಕೇಳಬೇಡಿ. ಹುಡುಗಿ ಒಮ್ಮೆ ಫೋನು ಮಾಡಿ, ಒಬ್ಬ ಸದಸ್ಯರು ಇದರಿಂದ ಬಿಟ್ಟುಹೋದರು ಎಂದಾದರೂ ಬರೆಯಲೇ, ಮುಂದೆ ಸಂಶೋಧನೆ ಮಾಡುವವರಿಗೆ ಬುದ್ಧಿ ಬರುತ್ತದೆ ಎಂದಳು. ಬೇಡ ಎಂದೆ. ಬರೆಯುವುದಾದರೆ ನನ್ನ ಕಥೆ ನಾನೇ ಬರೆಯುತ್ತೇನೆ ಎಂದೆ. ಅವಳು ಬರೆಯಲಿಲ್ಲ. ಈಗ ಎಲ್ಲಿದ್ದಾಳೋ, ಚೆನ್ನಾಗಿರಲಿ.

ಮಧ್ಯಾಹ್ನ ಈಗ ಬೇಸಿನ್ನಿನ ಟೇಬಲಿನಲ್ಲಿ ಸುಮ್ಮನೆ ಕೂರುತ್ತೇನೆ. ಮೊಬೈಲು ಕಿಸೆಯಲ್ಲೇ ಇರುತ್ತದೆ. ಫ್ಯಾನು ತಿರುಗುತ್ತದೆ, ನಲ್ಲಿಯಿಂದ ನೀರು ತೊಟ್ಟಿಕ್ಕುತ್ತದೆ.

"ಎಂತ ಮಾರಾಯ," ಗಲ್ಲಾದವನು ಕೇಳಿದ. "ಹೆಣ್ಣು ಒಪ್ಪಲಿಲ್ವಾ?"

"ಇಲ್ಲ."

"ಬೇಜಾರು ಮಾಡ್ಬೇಡ. ನಮ್ಮನ್ನು ಯಾರು ಒಪ್ಪಿದ್ದುಂಟು?" ಎಂದು ಮತ್ತೆ ಕಣ್ಣು ಮುಚ್ಚಿದ.

ಹೊಸ ಹೆಸರಿನಲ್ಲಿ ಮೊದಲ ಪುಟಗಳನ್ನು ಬಹಳ ಜಾಗ್ರತೆಯಿಂದ ಮಾಡಿದೆ. ಆದರೆ ಚಟ ಹೋಗಬೇಕಲ್ಲ. ಒಂದು ಪುಟದಲ್ಲಿ, ಬರೆದವರು ತಪ್ಪಿದ್ದಾರೆ ಎಂದು ಕಂಡಲ್ಲಿ ಕೈ ತಾನಾಗಿ ಓಡಿತು. ಮರುದಿನ ಆ ಪುಟ ವಾಪಸ್ ಬಂದಿತ್ತು. ಎರಡನೇ ಕಣ್ಣು ಯಾರದ್ದು ಎಂದು ಹೆಸರು ನೋಡುವ ಮೊದಲೇ ಗೊತ್ತಾಯಿತು.

"ಏನ್ರಿ ಹೊಸಬರ, ಕಣ್ಣು ಎಲ್ಲಿಟ್ಟಿದ್ರಿ? ಪುಸ್ತಕದಾಗ ಇದ್ದಂಗ ಇಡಬೇಕು ಅಂತ ನಿಯಮ ಓದಿಲ್ಲೇನು?"

ಚಾಳಿನ ಕೋಣೆಯಲ್ಲಿ ಒಬ್ಬನೇ ಇದ್ದೆ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನನ್ನ ಹಳೆಯ ಉತ್ತರ ಬೆರಳಿನ ತುದಿಯಲ್ಲಿತ್ತು, ಅವರು ಬರೆದದ್ದು ತಪ್ಪು, ನಾನು ಸರಿ ಮಾಡಿದೆ. ಅದನ್ನು ಬರೆದರೆ ಇದು ನಾನೇ ಎಂದು ಅವರಿಗೆ ಗೊತ್ತಾಗುತ್ತದೆ. "ಗೊತ್ತಿರಲಿಲ್ಲ, ಇನ್ನು ಹಾಗೆ ಮಾಡುವುದಿಲ್ಲ," ಎಂದು ಬರೆದೆ. ಜೀವಮಾನದಲ್ಲಿ ಯಾರಿಗೂ ಅಷ್ಟು ಬೇಗ ಸೋತವನಲ್ಲ.

ಅವರು ಇನ್ನೂ ಒಂದು ಸಾಲು ಬರೆದರು. "ಹಿಂದ ಇಲ್ಲೆ ಒಬ್ಬರಿದ್ರು. ಅವರೂ ಇದ ತಪ್ಪು ಮಾಡತಿದ್ರು. ಅವರಿಗೂ ಹಿಂಗ ಬೈತಿದ್ದೆ."

ನಾನು ಕೇಳಿದೆ: "ಅವರು ಈಗ ಎಲ್ಲಿದ್ದಾರೆ?"

ಉತ್ತರ ಬರಲು ತಡವಾಯಿತು.

"ಗೊತ್ತಿಲ್ರಿ. ಯಾರು, ಎಲ್ಲಿ ಅಂತ ಕೇಳೂದು ಸರಿ ಅಲ್ಲ. ಅವರದೊಂದು ಪುಸ್ತಕ ಅರ್ಧಕ್ಕ ನಿಂತೈತಿ. ಮಾಡ್ತೀರೇನು?"

ಮಾಡುತ್ತೇನೆ ಎಂದು ಬರೆದೆ. ಪುಸ್ತಕ ತೆರೆದರೆ ನಾನು ಬಿಟ್ಟ ಪುಟ ನಾನು ಬಿಟ್ಟಲ್ಲಿಯೇ ಇತ್ತು. ಅದರ ಹಿಂದಿನ ಪುಟದಲ್ಲಿ ಮೊದಲ ಕಣ್ಣಿನ ಜಾಗದಲ್ಲಿ ಆ ಹಳೆಯ ಹೆಸರು, ಎರಡನೆಯದರಲ್ಲಿ ಅವರದು. ಹೊಸ ಪುಟದ ಮೊದಲ ಸಾಲಿನಲ್ಲೇ ಬರೆದವರು ಒಂದು ಕಡೆ ತಪ್ಪಿದ್ದರು. ಇದ್ದ ಹಾಗೇ ಬಿಟ್ಟು ಮುಂದಿನ ಸಾಲಿಗೆ ಹೋದೆ.